ಮ್ಯಾನ್‌ಹಟನ್ ಡಿಎ ಆಫೀಸು: ಕೇಸು ಹಾಕಿದವರ ಕಥೆಯೋ, ಹಾಕದೇ ಬಿಟ್ಟವರ ಕಥೆಯೋ?

ಹಡ್ಸನ್ ದಂಡೆ
ಕೆಲವು ವರ್ಷದ ಹಿಂದೆ ಚಳಿಗಾಲದಲ್ಲಿ ನನಗೆ ಗ್ರ್ಯಾಂಡ್ ಜ್ಯೂರಿ ಡ್ಯೂಟಿ ಬಂತು, ಅಂದರೆ ಒಬ್ಬರ ಮೇಲೆ ಆರೋಪ ಹೊರಿಸಬೇಕೋ ಬೇಡವೋ ಅಂತ ತೀರ್ಮಾನಿಸುವ ಮಾಮೂಲಿ ಜನರ ತಂಡದಲ್ಲಿ ಕೂರುವುದು. ಅಮೆರಿಕದ ಪೌರತ್ವ ತಗೊಂಡ ಮೇಲೆ ಒಂದಲ್ಲ ಒಂದು ದಿನ ಕಾಗದ ಬರುತ್ತದೆ ಅಂತ ಗೊತ್ತಿತ್ತು. ಬಂದಾಗ ಮಾತ್ರ ತಲೆನೋವಾಯಿತು, ಎರಡು ವಾರ ಕೆಲಸಕ್ಕೆ ಬರಲ್ಲ ಅಂತ ಮ್ಯಾನೇಜರ್‌ಗೆ ಹೇಗಪ್ಪಾ ಹೇಳೋದು ಅಂತ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಸೆಂಟರ್ ಸ್ಟ್ರೀಟ್‌ನ ಕೋರ್ಟ್ ಕಟ್ಟಡ, ಹಿಂದೆಯೇ ಚೈನಾಟೌನ್.

ಕೇಸುಗಳ ಬಗ್ಗೆ ಒಂದಕ್ಷರ ಹೇಳುವ ಹಾಗಿಲ್ಲ, ಹೇಳಿದರೆ ಅದೇ ಅಪರಾಧ. ಆ ಕೋಣೆ ಹೇಗಿರುತ್ತದೆ ಅಂತ ಹೇಳಬಹುದು. 23 ಜನ ಕೂರುತ್ತೇವೆ, ಕಾಲೇಜಿನ ಲೆಕ್ಚರ್ ಹಾಲ್ ಥರ ಮೆಟ್ಟಿಲು ಮೆಟ್ಟಿಲಾಗಿ. ಜಡ್ಜ್ ಇರುವುದಿಲ್ಲ. ಆರೋಪಿ ಪರವಾಗಿ ವಾದ ಮಾಡುವ ವಕೀಲರೂ ಇರುವುದಿಲ್ಲ. ಸರ್ಕಾರದ ಕಡೆಯ ವಕೀಲರು, ಅಸಿಸ್ಟೆಂಟ್ ಡಿಎ ಅನ್ನುತ್ತಾರೆ, ಒಬ್ಬರು ಬರುತ್ತಾರೆ, ನಮಗೆ ಬರುತ್ತಿದ್ದವರಲ್ಲಿ ಜಾಸ್ತಿ ಜನ ಇಪ್ಪತ್ತೈದು ಇಪ್ಪತ್ತಾರರ ಹುಡುಗ ಹುಡುಗಿಯರು. ಸಾಕ್ಷಿ ಕೂರಿಸುತ್ತಾರೆ, ಕಾನೂನಿನ ಕಲಂ ಓದಿ ಹೇಳುತ್ತಾರೆ, ಆಮೇಲೆ ಫೈಲು ಎತ್ತಿಕೊಂಡು ಹೊರಗೆ ಹೋಗಿ ಬಾಗಿಲು ಹಾಕುತ್ತಾರೆ. ಒಳಗೆ ನಾವು ಮಾತ್ರ. 12 ಕೈ ಮೇಲೆ ಹೋದರೆ ಒಬ್ಬ ಮನುಷ್ಯನ ಮೇಲೆ ಆರೋಪ ನಿಂತಿತು. ಮಧ್ಯಾಹ್ನ ಚಿತ್ರಾನ್ನದ ಡಬ್ಬಿ ತೆಗೆದಾಗಲೂ ನನಗೆ ಅದೇ ಯೋಚನೆ, ಈ ಕೋಣೆಗೆ ಬಂದ ಕೇಸು ಸರಿ, ಬರದೇ ಇದ್ದದ್ದು ಎಷ್ಟು? ಅದನ್ನು ಯಾರು ತೀರ್ಮಾನಿಸಿದರು?

ಆ ಯೋಚನೆಯಲ್ಲೇ ಈ ಆಫೀಸಿನ ಇತಿಹಾಸ ಓದಲು ಶುರು ಮಾಡಿದೆ. ನ್ಯೂಯಾರ್ಕ್ ಕೌಂಟಿ ಡಿಸ್ಟ್ರಿಕ್ಟ್ ಅಟಾರ್ನಿ, ಎಲ್ಲರ ಬಾಯಲ್ಲಿ ಮ್ಯಾನ್‌ಹಟನ್ ಡಿಎ, ಅಂದರೆ ಇಲ್ಲಿನ ಸರ್ಕಾರಿ ಪ್ರಾಸಿಕ್ಯೂಟರ್‌ಗಳ ಮುಖ್ಯಸ್ಥ. ಇಲ್ಲಿ ಹಂಚಿಕೊಳ್ಳೋಣ ಅನ್ನಿಸಿತು. ತಪ್ಪಿದ್ದರೆ ತಿದ್ದಿ.

ತುಂಗೆಯ ತಮ್ಮ
ನಾನು ಎಪಿಪಿ (ಅಸಿಸ್ಟೆಂಟ್ ಪಬ್ಲಿಕ್ ಪ್ರಾಸಿಕ್ಯೂಟರ್) ಪರೀಕ್ಷೆಗೆ ಓದುತ್ತಿದ್ದೇನೆ ಸರ್, ಹಾಗಾಗಿ ಮೊದಲ ಪ್ರಶ್ನೆ ನನ್ನದೇ. ನ್ಯೂಯಾರ್ಕ್ ಸಿಟಿಗೆ ಒಬ್ಬರೇ ಡಿಎ ಅಲ್ವಾ? ಕೌಂಟಿ ಅಂದರೆ ನಮ್ಮ ಜಿಲ್ಲೆ ಥರಾನಾ?

ಹಡ್ಸನ್ ದಂಡೆ
ಐದು ಜನ. ಸಿಟಿಯ ಐದು ಭಾಗಗಳೂ ಕಾನೂನಿನ ಲೆಕ್ಕದಲ್ಲಿ ಐದು ಕೌಂಟಿ. ಮ್ಯಾನ್‌ಹಟನ್ ಅಂದರೆ ನ್ಯೂಯಾರ್ಕ್ ಕೌಂಟಿ, ಬ್ರೂಕ್ಲಿನ್ ಅಂದರೆ ಕಿಂಗ್ಸ್, ಸ್ಟೇಟನ್ ಐಲ್ಯಾಂಡ್ ಅಂದರೆ ರಿಚ್ಮಂಡ್. ಬ್ರಾಂಕ್ಸ್ 1914ರವರೆಗೆ ಬೇರೆ ಕೌಂಟಿಯೇ ಆಗಿರಲಿಲ್ಲ.

ಶುರುವಾತು 1801ರಲ್ಲಿ. ರಾಜ್ಯವನ್ನು ಏಳು ಭಾಗ ಮಾಡಿ ಒಂದೊಂದಕ್ಕೆ ಒಬ್ಬ ಡಿಎ ಇಟ್ಟರು, 1818ರಲ್ಲಿ ಕೌಂಟಿಗೊಬ್ಬರು ಅಂತಾಯಿತು. ಆಗೆಲ್ಲ ನೇಮಕ. 1846ರ ರಾಜ್ಯ ಸಂವಿಧಾನ ಬಂದ ಮೇಲೆ ಜನ ವೋಟು ಹಾಕಿ ಆರಿಸುವುದು ಶುರುವಾಯಿತು. ಈಗ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ, ಕೆಳಗೆ ಸುಮಾರು 500 ವಕೀಲರು. ಕೇಸಿನ ಹೆಸರೇ ಬೇರೆ ಥರ. ನಮ್ಮಲ್ಲಿ ಸ್ಟೇಟ್ ಆಫ್ ಕರ್ನಾಟಕ ವರ್ಸಸ್ ಇಂಥವರು. ಅಲ್ಲಿ ನ್ಯೂಯಾರ್ಕ್ ರಾಜ್ಯದ ಜನರು ವರ್ಸಸ್ ಇಂಥವರು. ಪ್ರಾಸಿಕ್ಯೂಟರ್ ಎದ್ದು ನಿಂತರೆ ಕೋರ್ಟಿನಲ್ಲಿ ಅವರನ್ನು ಜನರು ಅಂತಲೇ ಕರೆಯುತ್ತಾರೆ. ಜನರು ಹೇಳುತ್ತಾರೆ, ಜನರು ಕೇಳಿಕೊಳ್ಳುತ್ತಾರೆ. ಮೊದಲ ಸಲ ಕೇಳಿದಾಗ ನಗು ಬಂತು.

ಬ್ಯಾಡಗಿ ಮೆಣಸಿನಕಾಯಿ
ಅಂದರೆ ವೋಟು ಕೇಳಿಕೊಂಡು ಬಂದವನು ಯಾರನ್ನು ಜೈಲಿಗೆ ಕಳಿಸಬೇಕು ಅಂತ ಕೂತು ತೀರ್ಮಾನ ಮಾಡುತ್ತಾನೆ. ಇದು ಕೇಳಲಿಕ್ಕೆ ನಿಮಗೆ ಸರಿ ಅನ್ನಿಸುತ್ತಾ? ನಮ್ಮ ಕಡೆ ಗ್ರಾಮ ಪಂಚಾಯ್ತಿ ಎಲೆಕ್ಷನ್ ನೋಡಿದ್ದೀರಲ್ವಾ. ಗೆದ್ದವನ ಕೈಗೆ ಕೇಸು ಹಾಕುವ ಅಧಿಕಾರವನ್ನೂ ಕೊಟ್ಟರೆ ಸೋತವನು ಊರಲ್ಲಿ ಇರುತ್ತಾನಾ?

ಕರಿಕೋಟು
ಮೇಡಂ ಹೇಳಿದ್ದು ಸರಿಯಾದ ಭಯ. ಇಲ್ಲಿ ನಮ್ಮ ವ್ಯವಸ್ಥೆ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ನೀವು ಮುಂದುವರಿಸಿ. 28 ವರ್ಷದಿಂದ ಜಿಲ್ಲಾ ಕೋರ್ಟಿನಲ್ಲಿ ಇದ್ದೇನೆ.

ನಮ್ಮಲ್ಲಿ ತನಿಖೆ ಮಾಡುವುದು ಪೊಲೀಸು. ಚಾರ್ಜ್‌ಶೀಟ್ ಹಾಕಬೇಕೋ, ಕೇಸು ಮುಚ್ಚಿ ಬಿ ರಿಪೋರ್ಟ್ ಹಾಕಬೇಕೋ ಅನ್ನುವುದೂ ಪೊಲೀಸರದ್ದೇ. ಪಿಪಿ, ಅಂದರೆ ಪಬ್ಲಿಕ್ ಪ್ರಾಸಿಕ್ಯೂಟರ್ ಕೈಗೆ ಬರುವ ಹೊತ್ತಿಗೆ ಅಡುಗೆ ಮುಗಿದಿರುತ್ತದೆ, ಬಡಿಸುವುದಷ್ಟೇ ಅವರ ಪಾಲು. ಉಪ್ಪು ಜಾಸ್ತಿಯಾಗಿದ್ದರೂ ಅದನ್ನೇ ಬಡಿಸಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಬರುವ ಮುಂಚೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಪೊಲೀಸ್ ಪ್ರಾಸಿಕ್ಯೂಟರ್‌ಗಳೇ ಕೇಸು ನಡೆಸುತ್ತಿದ್ದರು. ಪ್ರಾಸಿಕ್ಯೂಷನ್ ಡೈರೆಕ್ಟರೇಟ್ ಅಂತ ಕಾನೂನಿನಲ್ಲಿ ಬಂದದ್ದು 2005ರ ತಿದ್ದುಪಡಿಯಲ್ಲಿ. ಕೇಸು ವಾಪಸ್ ತಗೊಳ್ಳುವ ಕಲಂ ಮೊದಲು 321, ಈಗ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನಲ್ಲಿ 360. ಅರ್ಜಿಗೆ ಸಹಿ ಪಿಪಿಯದ್ದು, ಮನಸ್ಸು ಯಾರದ್ದು ಅಂತ ಎಲ್ಲರಿಗೂ ಗೊತ್ತು.

ಅಮೆರಿಕದ ಡಿಎ ಅಂದರೆ ಅಡುಗೆಮನೆಯ ಕೀಲಿಕೈಯನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡವನು.

ಹಡ್ಸನ್ ದಂಡೆ
ಅಷ್ಟೇ ಸರ್. ಮೇಡಂ ಹೇಳಿದ ಭಯ ಸುಳ್ಳಲ್ಲ ಅನ್ನುವುದಕ್ಕೆ ಓಕಿ ಹಾಲ್ ಇದ್ದಾನೆ. 1850ರ ದಶಕದಲ್ಲಿ ಒಮ್ಮೆ, 1862ರಿಂದ ಇನ್ನೊಮ್ಮೆ ಡಿಎ. ಶೋಕಿಲಾಲ, ಬಟ್ಟೆಬರೆಗೇ ಹೆಸರಾಗಿದ್ದವನು, ನಾಟಕವನ್ನೂ ಬರೆಯುತ್ತಿದ್ದ. ಟ್ವೀಡ್ ಅನ್ನುವ ರಾಜಕಾರಣಿಯ ಕೂಟ ನಗರದ ಖಜಾನೆಯನ್ನು ನುಂಗಲು ಬೆಳೆಯುತ್ತಿದ್ದ ಕಾಲದಲ್ಲಿ ಈ ಕುರ್ಚಿಯಲ್ಲಿ ಕೂತಿದ್ದವನು ಇವನೇ. ಮುಂದೆ 1869ರಲ್ಲಿ ಅದೇ ಕೂಟದ ಮೇಯರ್ ಆದ. ಕೂಟ ಒಡೆದ ಮೇಲೆ ಇವನ ಮೇಲೂ ಕೇಸಾಯಿತು, ಕೊನೆಗೆ ಖುಲಾಸೆ.

ಆಮೇಲೆ ಪೆಂಡುಲಂ ಆಚೆ ಹೋಯಿತು. 1902ರಲ್ಲಿ ವಿಲಿಯಂ ಟ್ರಾವರ್ಸ್ ಜೆರೋಮ್ ಬಂದ. ಚರ್ಚಿಲ್ ತಾಯಿಯ ಕಡೆಯ ನೆಂಟ. ಜೂಜಿನ ಅಡ್ಡೆಗಳ ಮೇಲೆ ತಾನೇ ದಾಳಿಗೆ ಹೋಗುತ್ತಿದ್ದ, ಪತ್ರಕರ್ತರು ಹಿಂದೆ ಹಿಂದೆ. ಅವನ ನಂತರ 1910ರಲ್ಲಿ ಚಾರ್ಲ್ಸ್ ವಿಟ್ಮನ್. ಇವನ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು.

1912ರ ಜುಲೈ. ಹರ್ಮನ್ ರೋಸೆಂಥಾಲ್ ಅಂತ ಒಬ್ಬ ಜೂಜು ಅಡ್ಡೆಯವನು, ಪೊಲೀಸ್ ಲೆಫ್ಟಿನೆಂಟ್ ಚಾರ್ಲ್ಸ್ ಬೆಕರ್ ನನ್ನ ಧಂದೆಯಲ್ಲಿ ಪಾಲುದಾರ ಅಂತ ಪೇಪರಿಗೆ ಹೇಳಿಕೆ ಕೊಟ್ಟ. ಅದಾಗಿ ಎರಡು ದಿನಕ್ಕೆ, ನಡುರಾತ್ರಿ ದಾಟಿದ ಮೇಲೆ, 43ನೇ ಬೀದಿಯ ಮೆಟ್ರೊಪೋಲ್ ಹೋಟೆಲಿನಿಂದ ಹೊರಗೆ ಬರುತ್ತಿದ್ದಂತೆ ಗುಂಡು ಹಾರಿಸಿ ಕೊಂದರು. ಕೊಲ್ಲಿಸಿದ್ದು ಬೆಕರ್ ಅಂತ ವಿಟ್ಮನ್ ಕೇಸು ನಡೆಸಿದ. ಸಾಕ್ಷಿಗಳೆಲ್ಲ ಜೂಜುಕೋರರು, ತಮ್ಮ ತಲೆ ಉಳಿಸಿಕೊಳ್ಳಲು ಬಾಯಿ ಬಿಟ್ಟವರು. ಮೊದಲ ತೀರ್ಪನ್ನು ಮೇಲಿನ ಕೋರ್ಟು 1914ರಲ್ಲಿ ರದ್ದು ಮಾಡಿತು. ಅದೇ ವರ್ಷ ಎರಡನೇ ವಿಚಾರಣೆಯಲ್ಲಿ ಮತ್ತೆ ಶಿಕ್ಷೆ ಆಯಿತು.

ಈ ಕೇಸಿನ ಹೆಸರಿನ ಮೇಲೆಯೇ ವಿಟ್ಮನ್ ರಾಜ್ಯದ ಗವರ್ನರ್ ಆಗಿ ಗೆದ್ದ. ಈಗ ಕೇಳಿ. ಬೆಕರ್‌ನ ಕ್ಷಮಾದಾನದ ಅರ್ಜಿ ಯಾರ ಮೇಜಿಗೆ ಹೋಗಬೇಕು? ಗವರ್ನರ್ ಮೇಜಿಗೆ. ಅಂದರೆ ಶಿಕ್ಷೆ ಕೊಡಿಸಿದವನ ಮೇಜಿಗೇ. 1915ರ ಜುಲೈ 30ಕ್ಕೆ ಸಿಂಗ್ ಸಿಂಗ್ ಜೈಲಿನಲ್ಲಿ ವಿದ್ಯುತ್ ಕುರ್ಚಿ. ಬೆಕರ್‌ನ ಹೆಂಡತಿ ಶವಪೆಟ್ಟಿಗೆಯ ಮೇಲೆ ಒಂದು ಬೆಳ್ಳಿ ತಗಡು ಬಡಿಸಿದಳು. ಗವರ್ನರ್ ವಿಟ್ಮನ್ ಕೈಯಿಂದ ಕೊಲೆಯಾದವನು ಅಂತ ಅದರಲ್ಲಿ ಕೆತ್ತಿಸಿದ್ದಳು. ಮಾನನಷ್ಟ ಕೇಸಾಗುತ್ತದೆ ಅಂತ ಪೊಲೀಸರು ಅದನ್ನು ಕೀಳಿಸಿದರು.

ಬ್ಯಾಡಗಿ ಮೆಣಸಿನಕಾಯಿ
ಅಯ್ಯೋ. ಆ ಹೆಂಗಸಿಗೆ ನನ್ನದೊಂದು ಸಲಾಂ.

ತುಂಗೆಯ ತಮ್ಮ
ಸರ್, ಟ್ರಯಾಂಗಲ್ ಬೆಂಕಿ ದುರಂತವೂ ಇದೇ ಕಾಲದ್ದಲ್ವಾ? ಕಾರ್ಮಿಕ ಕಾನೂನು ಓದುವಾಗ ಬಂದಿತ್ತು.

ಹಡ್ಸನ್ ದಂಡೆ
ಹೌದು, 1911ರ ಮಾರ್ಚ್ 25. ರೆಡಿಮೇಡ್ ಬಟ್ಟೆ ಫ್ಯಾಕ್ಟರಿ, 146 ಜನ ಸತ್ತರು, ಜಾಸ್ತಿ ಇಟಲಿ ಮತ್ತು ಯಹೂದಿ ಮನೆಗಳ ಎಳೇ ಹುಡುಗಿಯರು. ಬಾಗಿಲಿಗೆ ಬೀಗ ಹಾಕಿತ್ತು ಅನ್ನುವುದೇ ಕೇಸು. ವಿಟ್ಮನ್ ಆಫೀಸು ಇಬ್ಬರು ಮಾಲೀಕರ ಮೇಲೆ ಕೇಸು ಹಾಕಿತು, ಡಿಸೆಂಬರಿನಲ್ಲಿ ಇಬ್ಬರೂ ಖುಲಾಸೆ. ಬೀಗ ಹಾಕಿದ್ದು ಮಾಲೀಕರಿಗೆ ಗೊತ್ತಿತ್ತು ಅಂತ ಸಾಬೀತಾಗಬೇಕಿತ್ತು, ಅಲ್ಲೇ ಮುರಿದುಬಿತ್ತು. ಬದುಕಿ ಬಂದ ಹುಡುಗಿಯೊಬ್ಬಳ ಕೈಲಿ ಡಿಫೆನ್ಸ್ ವಕೀಲ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಿಸಿದ. ಪ್ರತಿ ಸಲ ಅವವೇ ಮಾತು ಬಂದವು. ಬಾಯಿಪಾಠ ಮಾಡಿಸಿದ್ದಾರೆ ಅಂತ ಜ್ಯೂರಿಗೆ ಅನ್ನಿಸುವ ಹಾಗೆ ಮಾಡಿದ.

ಕರಿಕೋಟು
ಈ ಪಟ್ಟು ಇವತ್ತಿಗೂ ಹಾಕುತ್ತೇವೆ. ಸಾಕ್ಷಿ ಜಾಸ್ತಿ ಚೆನ್ನಾಗಿ ಹೇಳಿದರೂ ಕಷ್ಟ.

ಹಡ್ಸನ್ ದಂಡೆ
ಈಗ ನನಗೆ ತುಂಬಾ ಇಷ್ಟದ ಭಾಗಕ್ಕೆ ಬರುತ್ತೇನೆ. 1935. ಡಿಎ ಕುರ್ಚಿಯಲ್ಲಿ ವಿಲಿಯಂ ಡಾಡ್ಜ್, ಟ್ಯಾಮನಿ ಹಾಲ್ ಅನ್ನುವ ರಾಜಕೀಯ ಕೂಟ ಕೂರಿಸಿದ ಮನುಷ್ಯ. ಊರೆಲ್ಲ ಮಟ್ಕಾ ಥರದ ನಂಬರ್ ಆಟ, ಹಫ್ತಾ ವಸೂಲಿ. ಗ್ರ್ಯಾಂಡ್ ಜ್ಯೂರಿ ಮುಂದೆ ಮಾತ್ರ ಚಿಕ್ಕಪುಟ್ಟ ಕೇಸುಗಳೇ ಬರುತ್ತಿದ್ದವು. ಕೊನೆಗೆ ಆ ಜ್ಯೂರಿಯವರೇ ಎದ್ದು, ಡಿಎ ಕಡೆಯವರು ಒಳಗೆ ಬರಬೇಡಿ, ನಮಗೆ ಬೇರೆ ಪ್ರಾಸಿಕ್ಯೂಟರ್ ಕೊಡಿ ಅಂತ ಹಟ ಹಿಡಿದರು. ಇತಿಹಾಸದಲ್ಲಿ ಇವರನ್ನು ಲಗಾಮು ಕಿತ್ತುಕೊಂಡು ಓಡಿದ ಜ್ಯೂರಿ ಅಂತಲೇ ಕರೆಯುತ್ತಾರೆ. ನಾನು ಕೂತಿದ್ದಂಥ ಕುರ್ಚಿಗಳಲ್ಲೇ ಕೂತ, ಊರಿನ ಮಾಮೂಲಿ ಜನ!

ಗವರ್ನರ್ ಲೀಮನ್, ಥಾಮಸ್ ಡ್ಯೂಯಿ ಅನ್ನುವ 33ರ ವಕೀಲನನ್ನು ವಿಶೇಷ ಪ್ರಾಸಿಕ್ಯೂಟರ್ ಮಾಡಿದರು. ವೂಲ್‌ವರ್ತ್ ಕಟ್ಟಡದಲ್ಲಿ ಬೇರೆಯೇ ಆಫೀಸು, 20 ವಕೀಲರು. ಅವರಲ್ಲಿ ಒಬ್ಬಳು ಯೂನಿಸ್ ಕಾರ್ಟರ್. ಆ ತಂಡದ ಒಬ್ಬಳೇ ಹೆಂಗಸು, ಒಬ್ಬಳೇ ಕಪ್ಪು ಜನಾಂಗದವಳು. ಮುಂಚೆ ಮಹಿಳಾ ಕೋರ್ಟಿನಲ್ಲಿ ವೇಶ್ಯಾವಾಟಿಕೆಯ ಚಿಲ್ಲರೆ ಕೇಸುಗಳನ್ನು ನಡೆಸಿದ್ದಳು. ಅಲ್ಲಿ ಅವಳಿಗೆ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಹುಡುಗಿಯರು ಬೇರೆ ಬೇರೆ, ಮನೆಗಳು ಬೇರೆ ಬೇರೆ, ವಕೀಲ ಮಾತ್ರ ಅವನೇ, ಶ್ಯೂರಿಟಿ ಕೊಡುವವನೂ ಅವನೇ, ಹುಡುಗಿಯರು ಹೇಳುವ ಕಥೆಯೂ ಅದೇ, ಮತ್ತೆ ಎಲ್ಲರೂ ಬಿಡುಗಡೆ. ಅಂದರೆ ಮೇಲೆ ಯಾರೋ ಒಬ್ಬ ಎಲ್ಲವನ್ನೂ ನಡೆಸುತ್ತಿದ್ದಾನೆ ಅಂತಾಯಿತು.

ಡ್ಯೂಯಿಗೆ ಮೊದಲು ಇಷ್ಟ ಇರಲಿಲ್ಲ, ತಾನು ನೀತಿ ಬೋಧಕ ಅನ್ನಿಸಿಕೊಳ್ಳುವುದು ಬೇಡ ಅಂತ. ಕಾರ್ಟರ್ ಬಿಡಲಿಲ್ಲ. 1936ರ ಫೆಬ್ರವರಿ 1ರ ರಾತ್ರಿ ಒಂದೇ ಸಲಕ್ಕೆ ಹತ್ತಾರು ಮನೆಗಳ ಮೇಲೆ ದಾಳಿ. ಆ ಎಳೆ ಹಿಡಿದು ಹೋದರೆ ಸಿಕ್ಕಿದ್ದು ಲಕ್ಕಿ ಲೂಸಿಯಾನೊ, ಅಮೆರಿಕದ ಮಾಫಿಯಾದ ದೊಡ್ಡ ತಲೆ. ಜೂನ್‌ನಲ್ಲಿ ಶಿಕ್ಷೆ, 30ರಿಂದ 50 ವರ್ಷ.

ಕರಿಕೋಟು
ಶ್ಯೂರಿಟಿಗಳ ಹೆಸರು ನೋಡಿ ಜಾಲ ಹಿಡಿದದ್ದು ಓದಿ ಮೈ ಜುಂ ಅಂದಿತು. ನಮ್ಮ ಕೋರ್ಟಿನ ಆವರಣದಲ್ಲೂ ಅದೇ ಪಹಣಿ ಹಿಡಿದುಕೊಂಡು ದಿನಾ ಬೇರೆ ಬೇರೆ ಆರೋಪಿಗೆ ಶ್ಯೂರಿಟಿ ನಿಲ್ಲುವ ಮುಖಗಳನ್ನು ನಾವು ವಕೀಲರೆಲ್ಲ ನೋಡಿರುತ್ತೇವೆ. ಒಬ್ಬರಾದರೂ ಕೂತು ಪಟ್ಟಿ ಮಾಡಿದ್ದೇವಾ? ನಾನಂತೂ ಇಲ್ಲ.

ಹೊರಗಿನ ಪ್ರಾಸಿಕ್ಯೂಟರ್ ತರುವುದು ಅಂದರೆ ನಮಗೆ ನೆನಪಾಗುವುದು ಜಯಲಲಿತಾ ಕೇಸು. ತಮಿಳುನಾಡಿನಲ್ಲಿ ನ್ಯಾಯವಾಗಿ ನಡೆಯಲ್ಲ ಅಂತ 2003ರಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿಗೆ ಕಳಿಸಿತು. ಬಿ.ವಿ. ಆಚಾರ್ಯರು ವಿಶೇಷ ಪ್ರಾಸಿಕ್ಯೂಟರ್ ಆಗಿ ವರ್ಷಗಟ್ಟಲೆ ಒತ್ತಡ ತಡೆದುಕೊಂಡು ನಡೆಸಿದರು, 2012ರಲ್ಲಿ ಬಿಟ್ಟರು. ತೀರ್ಪು ಬಂದದ್ದು 2014ರ ಸೆಪ್ಟೆಂಬರ್ 27ಕ್ಕೆ. ಹೈಕೋರ್ಟ್ ಖುಲಾಸೆ ಮಾಡಿತು, ಸುಪ್ರೀಂ ಕೋರ್ಟ್ 2017ರಲ್ಲಿ ಮತ್ತೆ ಕೆಳಗಿನ ತೀರ್ಪನ್ನೇ ಎತ್ತಿ ಹಿಡಿಯಿತು. ಅಷ್ಟರಲ್ಲಿ ಆಕೆ ತೀರಿಕೊಂಡಿದ್ದರು.

ಬ್ಯಾಡಗಿ ಮೆಣಸಿನಕಾಯಿ
ಡ್ಯೂಯಿ ಆಮೇಲೆ ಏನಾದ? ಸುಮ್ನೆ ಮನೆಗೆ ಹೋಗಿರಲ್ಲ ಬಿಡಿ.

ಹಡ್ಸನ್ ದಂಡೆ
ಎಲ್ಲಿ ಹೋಗುತ್ತಾನೆ! 1937ರಲ್ಲಿ ಡಿಎ ಆಗಿ ಗೆದ್ದ. ಟ್ಯಾಮನಿಯ ನಾಯಕ ಜಿಮ್ಮಿ ಹೈನ್ಸ್‌ನನ್ನೂ ಜೈಲಿಗೆ ಹಾಕಿಸಿದ, ನ್ಯೂಯಾರ್ಕ್ ಷೇರುಪೇಟೆಯ ಅಧ್ಯಕ್ಷನಾಗಿದ್ದ ರಿಚರ್ಡ್ ವಿಟ್ನಿಯನ್ನೂ ಹಾಕಿಸಿದ. ಆಮೇಲೆ ಗವರ್ನರ್. 1944, 1948 ಎರಡು ಸಲ ಅಧ್ಯಕ್ಷ ಚುನಾವಣೆಗೆ ನಿಂತು ಸೋತ. ಇನ್ನೊಂದು ತಮಾಷೆ ಅಂದರೆ, ಲೂಸಿಯಾನೊ ಶಿಕ್ಷೆಯನ್ನು 1946ರಲ್ಲಿ ಕಡಿಮೆ ಮಾಡಿ ಇಟಲಿಗೆ ಸಾಗಿಸಿದ್ದು ಗವರ್ನರ್ ಡ್ಯೂಯಿಯೇ. ಯುದ್ಧದ ಕಾಲದಲ್ಲಿ ಬಂದರುಗಳ ಕಾವಲಿಗೆ ನೌಕಾಪಡೆಗೆ ನೆರವಾದ ಅನ್ನುವುದು ಕಾರಣ.

ತುಂಗೆಯ ತಮ್ಮ
ಹಾಗಾದರೆ ಪ್ರತಿ ಎಲೆಕ್ಷನ್‌ಗೂ ಹೊಸ ಡಿಎ, ಹೊಸ ದಿಕ್ಕು ಅಂತಾಯಿತಲ್ವಾ?

ಹಡ್ಸನ್ ದಂಡೆ
ನಾನೂ ಹಾಗೇ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿದೆ. 1942ರಿಂದ 2021ರವರೆಗೆ 80 ವರ್ಷ. ಗೆದ್ದು ಕೂತವರು ಮೂರೇ ಜನ. ಫ್ರಾಂಕ್ ಹೋಗನ್ 1973ರ ಕೊನೆಯವರೆಗೆ. ರಾಬರ್ಟ್ ಮೊರ್ಗೆಂಥಾವ್ 1975ರಿಂದ 2009. ಸೈರಸ್ ವ್ಯಾನ್ಸ್ 2010ರಿಂದ 2021. ಮಧ್ಯೆ 1974ರಲ್ಲಿ ನೇಮಕವಾಗಿ ಬಂದ ರಿಚರ್ಡ್ ಕುಹ್ ಒಬ್ಬ, ಅಷ್ಟೇ. ಮೊರ್ಗೆಂಥಾವ್ ನಿವೃತ್ತಿ ಆದಾಗ ವಯಸ್ಸು 90. ವೋಟಿನ ಕುರ್ಚಿ ಅಂತ ಹೆಸರು, ನೋಡಿದರೆ ಮಠದ ಪೀಠದ ಥರ.

ಬ್ಯಾಡಗಿ ಮೆಣಸಿನಕಾಯಿ
ಹಹ್ಹಾ, ಪಟ್ಟಾಭಿಷೇಕ ಮಾಡಿದರೆ ಎದ್ದೇಳುವ ಮಾತೇ ಇಲ್ಲ.

ಹಡ್ಸನ್ ದಂಡೆ
ಹೋಗನ್ ಬಗ್ಗೆ ಒಳ್ಳೆಯದೇ ಜಾಸ್ತಿ ಹೇಳುತ್ತಾರೆ. ಪ್ರಾಮಾಣಿಕತೆಯೇ ಅವನ ಅಡ್ಡಹೆಸರು. ವಕೀಲರನ್ನು ಪಕ್ಷದ ಚೀಟಿ ನೋಡದೆ ತಗೊಂಡ. 1951ರಲ್ಲಿ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಆಟಗಾರರು ದುಡ್ಡು ತಗೊಂಡು ಪಾಯಿಂಟ್ ಬಿಡುತ್ತಿದ್ದದ್ದನ್ನು ಬಯಲಿಗೆಳೆದ, ಟಿವಿ ಕ್ವಿಜ್‌ನ ಮೋಸದ ತನಿಖೆಯೂ ಇವನ ಆಫೀಸಿನಲ್ಲೇ ನಡೆದದ್ದು. ಈಗ ಆಫೀಸಿನ ವಿಳಾಸವೇ ಒನ್ ಹೋಗನ್ ಪ್ಲೇಸ್.

ಆದರೆ ಪೂಜೆ ಮಾಡುವಷ್ಟು ಸಲೀಸಿಲ್ಲ. 1964ರಲ್ಲಿ ಲೆನ್ನಿ ಬ್ರೂಸ್ ಅನ್ನುವ ಹಾಸ್ಯಗಾರ ಸ್ಟೇಜ್ ಮೇಲೆ ಅಶ್ಲೀಲ ಮಾತಾಡಿದ ಅಂತ ಶಿಕ್ಷೆ ಕೊಡಿಸಿದರು. ಅವನು ಸತ್ತು 37 ವರ್ಷ ಆದ ಮೇಲೆ, 2003ರಲ್ಲಿ, ಗವರ್ನರ್ ಕ್ಷಮೆ ಕೊಟ್ಟರು. ಬ್ಲ್ಯಾಕ್ ಪ್ಯಾಂಥರ್ ಅನ್ನುವ ಕಪ್ಪು ಜನರ ಸಂಘಟನೆಯ 21 ಜನರ ಮೇಲೆ ಬಾಂಬ್ ಸಂಚಿನ ಕೇಸು ಹಾಕಿದರು. ತಿಂಗಳುಗಟ್ಟಲೆ ವಿಚಾರಣೆ ನಡೆಯಿತು. 1971ರ ಮೇನಲ್ಲಿ ಜ್ಯೂರಿ ಕೆಲವೇ ಗಂಟೆಯಲ್ಲಿ ವಿಚಾರಣೆಗೊಳಗಾದ 13 ಜನರನ್ನೂ ಎಲ್ಲ ಆರೋಪದಿಂದಲೂ ಬಿಟ್ಟಿತು. ಆರೋಪಿಗಳಲ್ಲಿ ಅಫೇನಿ ಶಕೂರ್ ವಕೀಲರಿಲ್ಲದೆ ತನ್ನ ಕೇಸು ತಾನೇ ವಾದಿಸಿದಳು, ತುಂಬು ಬಸುರಿ. ಮುಂದಿನ ತಿಂಗಳೇ ಹುಟ್ಟಿದ ಮಗು ಟೂಪಾಕ್, ರ‍್ಯಾಪ್ ಹಾಡುವ ಆ ಟೂಪಾಕ್ ಶಕೂರ್.

ಎಲ್ಲಕ್ಕಿಂತ ದೊಡ್ಡದು ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್ ಕೊಲೆ ಕೇಸು. ಕೊಲೆಯಾದದ್ದು 1965ರ ಫೆಬ್ರವರಿ 21. ಮೂವರಿಗೆ ಶಿಕ್ಷೆ. ಸ್ಥಳದಲ್ಲೇ ಸಿಕ್ಕಿಬಿದ್ದವನು ಒಬ್ಬ, ಅವನೇ ಕೋರ್ಟಿನಲ್ಲಿ ಉಳಿದ ಇಬ್ಬರು ಇರಲೇ ಇಲ್ಲ ಅಂತ ಹೇಳಿದ್ದ. ಯಾರೂ ಕೇಳಲಿಲ್ಲ. 2021ರ ನವೆಂಬರಿನಲ್ಲಿ ಇದೇ ಆಫೀಸು ಕೋರ್ಟಿಗೆ ಹೋಗಿ ಆ ಇಬ್ಬರ ಶಿಕ್ಷೆ ರದ್ದು ಮಾಡಿ ಅಂತ ಕೇಳಿತು. ಅವರಿಗೆ ಅನುಕೂಲವಾಗುವ ಮಾಹಿತಿ ಎಫ್‌ಬಿಐ ಮತ್ತು ಪೊಲೀಸರ ಕಡತಗಳಲ್ಲಿ ಅಷ್ಟೂ ಕಾಲ ಬಿದ್ದಿತ್ತು. ಒಬ್ಬನಿಗೆ ಆಗ 83 ವರ್ಷ. ಇನ್ನೊಬ್ಬ 2009ರಲ್ಲೇ ತೀರಿಕೊಂಡಿದ್ದ.

ಕರಿಕೋಟು
ಪ್ರಾಸಿಕ್ಯೂಟರ್ ತಾನೇ ಹೋಗಿ, ನಾವು ಕೊಡಿಸಿದ ಶಿಕ್ಷೆ ತಪ್ಪು ಅಂತ ಹೇಳುವುದು. ನನ್ನ ಸರ್ವೀಸಿನಲ್ಲಿ ಒಂದು ಸಲವೂ ನೋಡಿಲ್ಲ. ನಮ್ಮಲ್ಲಿ ಖುಲಾಸೆ ಆದರೆ ಪಿಪಿ ಮೇಲ್ಮನವಿ ಹಾಕಬೇಕು, ಇಲ್ಲದಿದ್ದರೆ ಅವರನ್ನೇ ಅನುಮಾನದಿಂದ ನೋಡುತ್ತಾರೆ.

ಬ್ಯಾಡಗಿ ಮೆಣಸಿನಕಾಯಿ
55 ವರ್ಷ ಆದ ಮೇಲೆ ತಪ್ಪು ಅನ್ನುವುದಕ್ಕೆ ಏನು ಧೈರ್ಯ ಬೇಕು? ಕೊಟ್ಟ ಡಿಎ ಸತ್ತಿದ್ದಾನೆ, ವೋಟು ಹಾಕಿದವರೂ ಸತ್ತಿದ್ದಾರೆ. ಬದುಕಿರುವವರು ತಮ್ಮದೇ ತಪ್ಪು ಒಪ್ಪಿಕೊಂಡದ್ದು ಇದೆಯಾ ಹೇಳಿ.

ಹಡ್ಸನ್ ದಂಡೆ
ಒಂದಿದೆ ಮೇಡಂ. 1989ರ ಏಪ್ರಿಲ್, ಸೆಂಟ್ರಲ್ ಪಾರ್ಕ್. ಜಾಗಿಂಗ್ ಮಾಡುತ್ತಿದ್ದ ಹೆಣ್ಣುಮಗಳ ಮೇಲೆ ಅತ್ಯಾಚಾರ, ಸಾಯುವ ಹಾಗೆ ಹೊಡೆದಿದ್ದರು. 14ರಿಂದ 16 ವಯಸ್ಸಿನ ಐದು ಹುಡುಗರು, ಕಪ್ಪು ಮತ್ತು ಲ್ಯಾಟಿನೊ. ಗಂಟೆಗಟ್ಟಲೆ ಕೂರಿಸಿ ತಪ್ಪೊಪ್ಪಿಗೆ ತಗೊಂಡರು. ಡಿಎನ್‌ಎ ಇವರಲ್ಲಿ ಯಾರದ್ದೂ ಅಲ್ಲ. ಆದರೂ 1990ರಲ್ಲಿ ಶಿಕ್ಷೆ ಆಯಿತು. ಡೊನಾಲ್ಡ್ ಟ್ರಂಪ್ ಆಗ ಕಟ್ಟಡ ವ್ಯಾಪಾರಿ, ಮರಣದಂಡನೆ ವಾಪಸ್ ತನ್ನಿ ಅಂತ ನಾಲ್ಕು ಪೇಪರಿನಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟಿದ್ದ.

2002ರಲ್ಲಿ ಬೇರೆ ಕೇಸುಗಳಲ್ಲಿ ಜೈಲಿನಲ್ಲಿದ್ದ ಒಬ್ಬ ನಾನೊಬ್ಬನೇ ಮಾಡಿದ್ದು ಅಂದ, ಡಿಎನ್‌ಎ ತಾಳೆಯಾಯಿತು. ಮೊರ್ಗೆಂಥಾವ್ ಕುರ್ಚಿಯಲ್ಲೇ ಇದ್ದರು. ಶಿಕ್ಷೆ ಕೊಡಿಸಿದ್ದೂ ಅವರ ಆಫೀಸೇ. ಪೊಲೀಸರು ವಿರೋಧಿಸಿದರು, ಒಳಗಿನವರಲ್ಲೂ ಕೆಲವರಿಗೆ ಇಷ್ಟವಿರಲಿಲ್ಲ. ರದ್ದು ಮಾಡಿ ಅಂತ ಅವರೇ ಕೋರ್ಟಿಗೆ ಹೇಳಿದರು, ಡಿಸೆಂಬರ್ 19ಕ್ಕೆ ರದ್ದಾಯಿತು. ಆ ಹೊತ್ತಿಗೆ ಐದೂ ಹುಡುಗರು ಈ ಕೇಸಿನ ಶಿಕ್ಷೆ ಮುಗಿಸಿದ್ದರು. 2014ರಲ್ಲಿ ನಗರ ಅವರಿಗೆ 4.1 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಅವರಲ್ಲಿ ಒಬ್ಬರು, ಯೂಸೆಫ್ ಸಲಾಮ್, 2023ರಲ್ಲಿ ನಗರಸಭೆಗೆ ಗೆದ್ದರು.

ಬ್ಯಾಡಗಿ ಮೆಣಸಿನಕಾಯಿ
ಸರಿ, ಇದಕ್ಕೆ ಅರ್ಧ ಮಾರ್ಕ್ಸ್. 13 ವರ್ಷ ತಡ.

ತುಂಗೆಯ ತಮ್ಮ
ನಮ್ಮ ರಾಜತಾಂತ್ರಿಕ ಅಧಿಕಾರಿ ದೇವಯಾನಿ ಖೋಬ್ರಾಗಡೆ ಅವರನ್ನು ಅರೆಸ್ಟ್ ಮಾಡಿಸಿದ್ದು ಈ ಆಫೀಸಾ? 2013ರಲ್ಲಿ ನಮ್ಮ ಹಾಸ್ಟೆಲಿನಲ್ಲಿ ಅದೇ ಚರ್ಚೆ.

ಹಡ್ಸನ್ ದಂಡೆ
ಅಲ್ಲ. ಅದು ಪ್ರೀತ್ ಭರಾರ ಇದ್ದ ಫೆಡರಲ್ ಆಫೀಸು, ಕೇಂದ್ರ ಸರ್ಕಾರದ್ದು. ಅವರನ್ನು ಅಧ್ಯಕ್ಷರು ನೇಮಿಸುತ್ತಾರೆ. ಎರಡೂ ಆಫೀಸು ನಡೆದು ಹೋಗುವಷ್ಟು ಹತ್ತಿರ, ಒಂದೇ ಊರಿನ ಕೇಸಿಗೆ ಇಬ್ಬರೂ ಕಣ್ಣು ಹಾಕುತ್ತಾರೆ. ಮೊರ್ಗೆಂಥಾವ್ 1960ರ ದಶಕದಲ್ಲಿ ಆ ಕುರ್ಚಿಯಲ್ಲಿ ಕೂತು ಆಮೇಲೆ ಈ ಕುರ್ಚಿಗೆ ಬಂದವರು.

ನಾನು ಮೊದಲೇ ಕೇಳಿದ ಪ್ರಶ್ನೆ, ಬರದೇ ಇದ್ದ ಕೇಸು ಎಷ್ಟು ಅಂತ, ಅದಕ್ಕೆ ವ್ಯಾನ್ಸ್ ಕಾಲ ಸರಿಯಾದ ಉದಾಹರಣೆ. 2008ರಲ್ಲಿ ಮನೆ ಸಾಲದ ಗುಳ್ಳೆ ಒಡೆದು ಪ್ರಪಂಚವೇ ಮುಳುಗಿತಲ್ವಾ. ಅದಕ್ಕೆ ಸಂಬಂಧಪಟ್ಟ ಹಾಗೆ ಕ್ರಿಮಿನಲ್ ಕೇಸು ಬಿದ್ದ ಬ್ಯಾಂಕು ಅಂದರೆ ಒಂದೇ, ಅಬಾಕಸ್ ಅನ್ನುವ ಪುಟ್ಟ ಕುಟುಂಬದ ಬ್ಯಾಂಕು. ಚೈನಾಟೌನ್‌ನಲ್ಲಿ, ಕೋರ್ಟಿನಿಂದ ಕೂಗಿದರೆ ಕೇಳುವಷ್ಟು ದೂರ. ಕೆಳಗಿನ ನೌಕರರು ಸಾಲದ ಕಾಗದದಲ್ಲಿ ಸುಳ್ಳು ಬರೆದಿದ್ದರು, ಬ್ಯಾಂಕೇ ಅದನ್ನು ಹಿಡಿದು ಸರ್ಕಾರಕ್ಕೆ ತಿಳಿಸಿತ್ತು. 2012ರಲ್ಲಿ ಬ್ಯಾಂಕಿನವರನ್ನು ಒಬ್ಬರ ಹಿಂದೆ ಒಬ್ಬರನ್ನು ಒಂದೇ ಸರಪಳಿಗೆ ಕಟ್ಟಿ ಕೋರ್ಟಿನ ಕಾರಿಡಾರಿನಲ್ಲಿ ಕ್ಯಾಮೆರಾ ಮುಂದೆ ನಡೆಸಿದರು. ಸಂತೆಗೆ ಕುರಿ ಹೊಡೆದುಕೊಂಡು ಹೋದ ಹಾಗೆ. 2015ರಲ್ಲಿ ಜ್ಯೂರಿ ಬ್ಯಾಂಕನ್ನು ಎಲ್ಲ ಆರೋಪದಿಂದಲೂ ಬಿಟ್ಟಿತು. ವಾಲ್ ಸ್ಟ್ರೀಟ್ ಕೂಡ ಇದೇ ಡಿಎ ವ್ಯಾಪ್ತಿಗೇ ಬರುತ್ತದೆ. ಅಲ್ಲಿನ ಒಂದು ದೊಡ್ಡ ಬ್ಯಾಂಕಿಗೂ ಈ ಸರಪಳಿ ಬೀಳಲಿಲ್ಲ.

2015ರಲ್ಲಿ ಹಾಲಿವುಡ್ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್ ಮೇಲೆ ಒಬ್ಬ ಹುಡುಗಿ ಲೈಂಗಿಕ ಕಿರುಕುಳದ ದೂರು ಕೊಟ್ಟಳು, ಪೊಲೀಸರು ಅವನ ಮಾತನ್ನು ರೆಕಾರ್ಡ್ ಕೂಡ ಮಾಡಿಸಿದ್ದರು, ವ್ಯಾನ್ಸ್ ಕೇಸು ಹಾಕಲಿಲ್ಲ. ಊರೆಲ್ಲ ಎದ್ದು ಕೂತ ಮೇಲೆ 2018ರಲ್ಲಿ ಬೇರೆ ಹೆಂಗಸರ ದೂರಿನ ಮೇಲೆ ಹಾಕಿದರು. 2020ರಲ್ಲಿ 23 ವರ್ಷ ಶಿಕ್ಷೆ. 2024ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿ, ಮತ್ತೆ ವಿಚಾರಣೆ ಮಾಡಬೇಕಾಗಿ ಬಂತು.

ಬ್ಯಾಡಗಿ ಮೆಣಸಿನಕಾಯಿ
ಈಗಿನವರು ಟ್ರಂಪ್ ಮೇಲೆ ಹಾಕಿದವರಲ್ವಾ? ಅದು ವೋಟಿಗೋಸ್ಕರ ಹಾಕಿದ್ದು ಅಂತ ನಮ್ಮ ಭಾವ ದಿನಾ ವಾಟ್ಸಾಪಲ್ಲಿ ಕೂಗುತ್ತಾರೆ.

ಹಡ್ಸನ್ ದಂಡೆ
ಆಲ್ವಿನ್ ಬ್ರ್ಯಾಗ್. 2022ರಲ್ಲಿ ಬಂದರು, ಈ ಕುರ್ಚಿಗೆ ಬಂದ ಮೊದಲ ಕಪ್ಪು ಜನಾಂಗದವರು. ಬಂದ ವಾರವೇ ಕೆಲವು ಸಣ್ಣ ಅಪರಾಧಗಳಿಗೆ ಕೇಸು ಹಾಕುವುದಿಲ್ಲ ಅಂತ ಒಂದು ಸುತ್ತೋಲೆ ಬಿಟ್ಟರು, ಊರು ಹೊತ್ತಿ ಉರಿಯಿತು, ಮುಂದಿನ ತಿಂಗಳು ಸ್ವಲ್ಪ ಹಿಂದೆ ಸರಿದರು. ಹಾಕಲ್ಲ ಅಂತ ಬಾಯಿಬಿಟ್ಟು ಹೇಳಿದರೆ ಹೀಗಾಗುತ್ತದೆ. ಹೇಳದೆ ಡ್ರಾಯರಿನಲ್ಲಿ ಇಟ್ಟರೆ ಯಾರಿಗೂ ಗೊತ್ತಾಗಲ್ಲ.

ನಿಮ್ಮ ಭಾವನಿಗೆ ಇದನ್ನೂ ಹೇಳಿ. ಅದೇ ಫೆಬ್ರವರಿಯಲ್ಲಿ ಟ್ರಂಪ್ ಮೇಲಿನ ತನಿಖೆ ನಡೆಸುತ್ತಿದ್ದ ಇಬ್ಬರು ಹಿರಿಯರು ರಾಜೀನಾಮೆ ಕೊಟ್ಟರು, ಬ್ರ್ಯಾಗ್ ಕೇಸು ಹಾಕಲು ಹಿಂದೇಟು ಹಾಕುತ್ತಿದ್ದಾರೆ ಅಂತ! ಮುಂದಿನ ವರ್ಷ ಬೇರೆ ವಿಷಯ ಹಿಡಿದು, ವ್ಯಾಪಾರದ ಲೆಕ್ಕದಲ್ಲಿ ಸುಳ್ಳು ಬರೆಸಿದ್ದು ಅಂತ, 34 ಆರೋಪ ಹಾಕಿದರು. 2024ರ ಮೇ 30ಕ್ಕೆ 12 ಜನರ ಜ್ಯೂರಿ ಎಲ್ಲದರಲ್ಲೂ ತಪ್ಪಿತಸ್ಥ ಅಂದಿತು. 2025ರ ಜನವರಿಯಲ್ಲಿ ಜೈಲೂ ಇಲ್ಲ ದಂಡವೂ ಇಲ್ಲದೆ ಬಿಟ್ಟರು, ಅಷ್ಟರಲ್ಲಿ ಮತ್ತೆ ಅಧ್ಯಕ್ಷನಾಗಿ ಗೆದ್ದಾಗಿತ್ತು. ಅದು ಒಳ್ಳೆಯ ಕೇಸೋ ಅಲ್ಲವೋ ಅಂತ ಇಲ್ಲಿನ ವಕೀಲರಲ್ಲೇ ಜಗಳ ಇದೆ, ನಾನು ಅದರೊಳಗೆ ಹೋಗಲ್ಲ.

ಶಾಸನಪ್ರಿಯ
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಮ್ಮ ದೇಶಕ್ಕೆ ನೇರ ಸಂಬಂಧ ಇರುವುದನ್ನು ಯಾರೂ ಹೇಳಲಿಲ್ಲವಲ್ಲ! ದೇವಸ್ಥಾನದ ವಿಗ್ರಹದಂಥ ಕದ್ದ ಪುರಾತನ ವಸ್ತು ಹಿಡಿಯುವುದಕ್ಕೇ ಈ ಆಫೀಸಿನಲ್ಲಿ ಒಂದು ವಿಭಾಗ ಇದೆ, 2017ರಿಂದ. ಮುಖ್ಯಸ್ಥ ಮ್ಯಾಥ್ಯೂ ಬೊಗ್ಡಾನೊಸ್, ಮೆರೀನ್ ಸೇನೆಯಲ್ಲಿ ಕರ್ನಲ್ ಆಗಿದ್ದು 2003ರಲ್ಲಿ ಬಾಗ್ದಾದ್ ಮ್ಯೂಸಿಯಂ ಲೂಟಿಯ ಹಿಂದೆ ಬಿದ್ದವರು.

ಮ್ಯಾಡಿಸನ್ ಅವೆನ್ಯೂನಲ್ಲಿ ಸುಭಾಷ್ ಕಪೂರ್ ಅಂತ ಒಬ್ಬನ ಅಂಗಡಿ ಇತ್ತು. ತಮಿಳುನಾಡಿನ ಶ್ರೀಪುರಂದಾನ್, ಸುತ್ತಮಲ್ಲಿ ಅನ್ನುವ ಹಳ್ಳಿಗಳ ಚೋಳರ ಕಾಲದ ಗುಡಿಗಳಿಂದ ಕದ್ದ ಕಂಚಿನ ಮೂರ್ತಿಗಳು ಅಲ್ಲಿಗೆ ಬರುತ್ತಿದ್ದವು. ಅದರಲ್ಲಿ ಒಂದು ನಟರಾಜ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿಗೆ ಹೋಗಿ, 2014ರಲ್ಲಿ ವಾಪಸ್ ಬಂತು. ಕಪೂರ್ 2011ರಲ್ಲಿ ಜರ್ಮನಿಯಲ್ಲಿ ಸಿಕ್ಕಿಬಿದ್ದ, 2012ರಲ್ಲಿ ಭಾರತಕ್ಕೆ ತಂದರು, 2022ರಲ್ಲಿ ಕುಂಭಕೋಣಂ ಕೋರ್ಟು 10 ವರ್ಷ ಕೊಟ್ಟಿತು. ಮ್ಯಾನ್‌ಹಟನ್ ಡಿಎ ಭಾರತಕ್ಕೆ 2021ರಲ್ಲಿ 248, 2022ರಲ್ಲಿ 307, 2024ರ ನವೆಂಬರಿನಲ್ಲಿ 1,440 ವಸ್ತು ಹಿಂತಿರುಗಿಸಿತು. ಕೊನೆಯ ಕಂತಿನಲ್ಲಿ ರಾಜಸ್ಥಾನದ ತನೇಸರದ ಮಾತೃದೇವತೆ ಇತ್ತು, ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲೇ ಇಟ್ಟಿದ್ದರು.

ಕರಿಕೋಟು
ಮ್ಯೂಸಿಯಂನವರು ದುಡ್ಡು ಕೊಟ್ಟು ತಗೊಂಡಿದ್ದರೂ ಕಿತ್ತುಕೊಳ್ಳಬಹುದಾ?

ಶಾಸನಪ್ರಿಯ
ನ್ಯೂಯಾರ್ಕ್ ಕಾನೂನು ಹಾಗೇ ಇದೆ ಸರ್. ಕಳ್ಳನ ಕೈಯಿಂದ ಬಂದ ಮಾಲು ಎಷ್ಟು ಕೈ ಬದಲಾದರೂ ತಗೊಂಡವನದ್ದು ಆಗಲ್ಲ. ಅದಕ್ಕೇ ಜಾಸ್ತಿ ಸಲ ಯಾರನ್ನೂ ಅರೆಸ್ಟ್ ಮಾಡದೆ ವಸ್ತು ಮಾತ್ರ ಜಪ್ತಿ ಮಾಡಿ ಕಳಿಸುತ್ತಾರೆ. ಹಡ್ಸನ್ ಸರ್ ಹೇಳಿದ ಕೇಸು ಹಾಕದೇ ಬಿಡುವ ಅಧಿಕಾರ ಇಲ್ಲಿ ಒಳ್ಳೆಯದಕ್ಕೇ ಆಯಿತು ಅಂತ ನನಗನ್ನಿಸುತ್ತದೆ.

ಬ್ಯಾಡಗಿ ಮೆಣಸಿನಕಾಯಿ
ಕೋಟಿಗಟ್ಟಲೆ ದುಡ್ಡಿನ ಮಾಲು ತಗೊಂಡ ಶ್ರೀಮಂತ ವಾಪಸ್ ಕೊಟ್ಟರೆ ಮನೆಗೆ ಹೋಗಬಹುದು. ಚೈನಾಟೌನ್ ಬ್ಯಾಂಕಿನವರಿಗೆ ಸರಪಳಿ. ಒಳ್ಳೆಯದಕ್ಕೇ ಆಯಿತು ಅಂತೀರಾ?

ಶಾಸನಪ್ರಿಯ
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮೇಡಂ. ಮೂರ್ತಿ ಬಂತಲ್ಲ ಅನ್ನುವುದಷ್ಟೇ ನನಗೆ ಕಾಣುತ್ತದೆ.

ತುಂಗೆಯ ತಮ್ಮ
ಕಪೂರ್ ಮೇಲೆ ಮ್ಯಾನ್‌ಹಟನ್‌ನಲ್ಲಿ ಕೇಸು ಇಲ್ವಾ ಹಾಗಾದರೆ?

ಹಡ್ಸನ್ ದಂಡೆ
ಇದೆ. 2019ರಲ್ಲಿ ಆರೋಪ ಹೊರಿಸಿದ್ದಾರೆ, ನಾನು ಕೂತಿದ್ದಂಥದ್ದೇ ಒಂದು ಕೋಣೆಯಲ್ಲಿ, ಯಾರೋ 12 ಜನ ಕೈ ಎತ್ತಿದ್ದಾರೆ. ಭಾರತದಿಂದ ಕಳಿಸಿಕೊಡಿ ಅಂತಲೂ ಕೇಳಿದ್ದಾರೆ. 2024ರಲ್ಲಿ ಆ 1,440 ವಸ್ತು ಕೊಡುವಾಗಲೂ ಅವನನ್ನು ಇನ್ನೂ ಕಳಿಸಿಕೊಟ್ಟಿಲ್ಲ ಅಂತಲೇ ಹೇಳಿದ್ದರು.